ಒಂದೇ ಸಹಿಯ ಡಾಲರು

೧೯೯೫ರ ನವೆಂಬರ್ ೧೩, ಸೋಮವಾರ ಬೆಳಗಿನ ಹತ್ತೂವರೆಗೆ ನಿಪ್ಪಾಣಿ ಠಾಣೆಗೆ ಒಂದು ದೂರು ಬಂತು. ತಂದವರು ತಂಬಾಕಿನ ವ್ಯಾಪಾರಿ ಜಿನ್ನಪ್ಪ ಸಾವಕಾರರು. ಕುರ್ಚಿ ಕೊಟ್ಟರೂ ಕೂರಲಿಲ್ಲ, ನೀರು ಕೊಟ್ಟರೂ ಕುಡಿಯಲಿಲ್ಲ.

"ಫೌಜದಾರ ಸಾಹೇಬ್ರ, ಮನಿಯಾಗಿನ ಡಾಲರ್ ಹೋಗ್ಯಾವ್ರಿ."

ಸಬ್ ಇನ್ಸ್‌ಪೆಕ್ಟರ್ ಭೀಮಸಿ ಪೂಜೇರಿ ತಲೆ ಎತ್ತಿದರು. "ಎಷ್ಟ ತೊಲಿದ್ರಿ? ಸರ ಸೈತ ಹೋತೋ, ಬರೇ ಡಾಲರೋ?"

"ಕೊಳ್ಳಾಗಿನ ಡಾಲರ್ ಅಲ್ರಿ ಸಾಹೇಬ್ರ, ಅಮೇರಿಕಾದ್ದು. ರೊಕ್ಕ! ಸಾವಿರ ಡಾಲರಿನ ಟ್ರಾವೆಲರ್ಸ್ ಚೆಕ್. ಇಪ್ಪತ್ನಾಲ್ಕಕ್ಕ ಮುಂಬೈದಿಂದ ವಿಮಾನ ಐತಿ. ಅವು ಸಿಗಲಿಲ್ಲಂದ್ರ ಸಿಂಗಾಪುರಕ್ಕ ಹೋಗಿ ಏನ್ ತಂಬಾಕ ತಿಕ್ಕಲೇನ್ರಿ?"

"ಯಾರ್‍ಯಾರು ಹೊಂಟೀರಿ?"

"ನಾನು, ನಮ್ಮ ದೋಸ್ತ ನಾಮದೇವ."

ದೂರು ಬರೆಯುತ್ತಿದ್ದ ಹೆಡ್ ಕಾನ್ಸ್‌ಟೇಬಲ್ ಕಾಸಿಮಸಾಬನ ಪೆನ್ನು ಅಲ್ಲಿಗೆ ನಿಂತಿತು. ಪೂಜೇರಿ ಅದನ್ನು ನೋಡಿದರು, ಕೇಳಲಿಲ್ಲ.

"ಯಾರ ಮ್ಯಾಲರ ಸಂಶೇ?"

"ಡ್ರೈವರ್ ಕಾಡಸಿದ್ದ. ಅಡಗಿಮನಿ ತನಕಾ ಅಡ್ಡ್ಯಾಡತಾನ."

ಐಪಿಸಿ ೩೮೦, ವಾಸದ ಮನೆಯಲ್ಲಿ ಕಳವು. ಎಫ್‌ಐಆರ್ ದಾಖಲಾಯಿತು. ಸಾವಕಾರರು ಮೆಟ್ಟಿಲಿಳಿದ ಮೇಲೆ ಪೂಜೇರಿ, "ಪೆನ್ನಿಗೆ ಏನ್ ಧಾಡಿ ಆತು ಕಾಸಿಮಸಾಬ?" ಎಂದರು.

ಕಾಸಿಮಸಾಬನಿಗೆ ಒಂದು ಚಟ. ಯಾರ ಮಾತು ಹೇಳಿದರೂ ಅವರ ಧ್ವನಿಯಲ್ಲೇ ಹೇಳಬೇಕು. ಸೊಂಟಕ್ಕೆ ಕೈ ಇಟ್ಟು, ಧ್ವನಿ ಏರಿಸಿ, ಹೆಂಡತಿ ದಿಲಶಾದಬಿಯೇ ಆಗಿಬಿಟ್ಟ. "'ಏನ್ರೀ, ತಾರವ್ವಕ್ಕಾರು ಸಿಂಗಾಪುರಕ್ಕ ಹೊಂಟಾರ. ಮಡಚೂ ಛತ್ರಿ ತರ್‍ರಿ ಅಂತ ಹೇಳೇನಿ. ನೀವೂ ಅದೀರಿ, ಹದಿನೆಂಟ ವರ್ಷದಾಗ ಒಂದ್ಸಲ ಕೊಲ್ಲಾಪುರ ತೋರಿಸೀರಿ!' ಸಾಹೇಬ್ರ, ತಾರವ್ವ ಅಂದ್ರ ಇದ ಸಾವಕಾರನ ಹೇಣ್ತಿ. ನಮ್ಮ ಓಣಿಯಾಕಿ. ಓಣಿಗೆ ಓಣಿನ ಆಕಿಗೆ ಸಾಮಾನ ಹೇಳೇತಿ. ಈ ಮನಷ್ಯಾ ನೋಡಿದ್ರ ನಾಮದೇವ ಅಂತಾನ."

"ಬರಕೋ."

"ಛತ್ರೀನೂ ಬರಕೊಳ್ಳಲೇನ್ರಿ?"

ಮಧ್ಯಾಹ್ನ ಸಾವಕಾರರ ಮನೆಯಲ್ಲಿ ಸ್ಥಳ ಪಂಚನಾಮೆ. ಕಪಾಟಿನ ಕೀಲಿ ಮುರಿದಿಲ್ಲ. ಅದೇ ಖಾನೆಯಲ್ಲಿ ಹಳ್ಳಿಯ ರೈತರಿಗೆ ಕೊಡಲು ಇಟ್ಟಿದ್ದ ನೋಟಿನ ಕಟ್ಟು ಇದೆ, ಬಂಗಾರದ ಬಳೆ ಇದೆ. ಹೋದದ್ದು ಚೆಕ್ಕಿನ ಲಕೋಟೆ ಮಾತ್ರ. ಕಳ್ಳ ಬಂಗಾರ ಬಿಟ್ಟು ಕಾಗದ ಒಯ್ದಿದ್ದಾನೆ! ಇಬ್ಬರು ಪಂಚರೂ ಮುಖ ಮುಖ ನೋಡಿಕೊಂಡು ಸಹಿ ಹಾಕಿದರು.

ತಾರವ್ವ ಚಹಾ ತಂದಿಟ್ಟಳು. ಮಾತು ಕಡಿಮೆ.

"ನಿಮಗ ಯಾರ ಮ್ಯಾಲರ ಸಂಶೇ ಐತೇನ್ರಿ ಅಕ್ಕಾರ?"

"ಇಲ್ರಿ."

"ಕಾಡಸಿದ್ದ?"

"ಅವನ ಮ್ಯಾಲ ಹಾಕಬ್ಯಾಡ್ರಿ. ಅವ ಅಲ್ಲ." ತಟ್ಟನೆ ಹೇಳಿ ಒಳಗೆ ಹೋದಳು.

ಅಂಗಳದಲ್ಲಿ ಜೀಪು ತೊಳೆಯುತ್ತಿದ್ದ ಕಾಡಸಿದ್ದನನ್ನು ಕರೆದರು. ಬೇಡಕಿಹಾಳದವನು, ಬಾಯಿ ಜೋರು.

"ಚೆಕ್ ಎಲ್ಲಿ ಅದಾವಲೇ?"

"ನನ್ನ ಕಡೆ ಇದ್ರ ಏನ್ ಮಾಡ್ಲಿರಿ ಸಾಹೇಬ್ರ? ಬೇಡಕಿಹಾಳ ಸ್ಟ್ಯಾಂಡಿನಾಗ ಅದನ್ನ ಕೊಟ್ರ ಒಂದ ಕಪ್ ಚಹಾ ಕೊಡತಾರೇನ್ರಿ? ಮ್ಯಾಲ ಇಂಗ್ಲಿಷ್ ಕಂಡ್ರ ಅಂಗಡಿಯಾವ ನನ್ನ ಹಿಡದ ನಿಮ್ಮ ಕಡೆನ ತರತಾನ."

ಕಾಸಿಮಸಾಬ ನಕ್ಕ. ಪೂಜೇರಿ ನಗಲಿಲ್ಲ. ಹೌದಲ್ಲ, ಈ ಮಾಲು ಯಾರಿಗೆ ದಕ್ಕುತ್ತದೆ? ಕೋಳಿ ಕದ್ದವನು ತಿನ್ನುತ್ತಾನೆ, ಸೈಕಲ್ ಕದ್ದವನು ಮಾರುತ್ತಾನೆ. ಡಾಲರ್ ಚೆಕ್ಕು ಕದ್ದವನು? ಹದಿನಾರು ವರ್ಷದ ಸರ್ವೀಸಿನಲ್ಲಿ ಅವರು ಡಾಲರನ್ನು ಕಣ್ಣಿನಿಂದ ಕಂಡಿರಲಿಲ್ಲ. ಕಾಣದ ಮಾಲನ್ನು ಹುಡುಕುವುದು ಹೇಗೆ?

ಮರುದಿನ ಬೆಳಗ್ಗೆ ಇಬ್ಬರೂ ಬೆಳಗಾವಿಯ ಬ್ಯಾಂಕಿಗೆ ಹೋದರು. ವಿದೇಶಿ ಹಣದ ಕೌಂಟರಿನಲ್ಲಿದ್ದ ತರುಣಿ ಮಾದರಿ ಚೆಕ್ಕೊಂದನ್ನು ಮುಂದಿಟ್ಟಳು.

"ನೋಟು ಕಳದ್ರ ಹೋತ್ರಿ ಸರ್, ಸಿಕ್ಕಾವಂದು. ಇದು ಹಂಗಲ್ಲ. ಕೊಳ್ಳುವಾಗ ನಮ್ಮ ಎದುರಿಗೆ ಮ್ಯಾಲ ಒಂದ ಸಹಿ. ಆ ದೇಶಕ್ಕ ಹೋಗಿ ಮುರಸುವಾಗ ಅಲ್ಲಿಯವರ ಎದುರಿಗೆ ಕೆಳಗ ಇನ್ನೊಂದ ಸಹಿ. ಎರಡೂ ಹೊಂದಿದ್ರ ರೊಕ್ಕ. ಇಲ್ಲಂದ್ರ ಪುಡಿಕಿ ಕಟ್ಟಾಕ ಬರತೈತಿ."

"ಎರಡನೇದು ಯಾರರ ಮಾಡಿದ್ರ?"

"ನಡ್ಯಾಂಗಿಲ್ಲ. ಕೊಂಡವರೇ ಮಾಡಬೇಕು."

"ಕಳುವಾದ್ರ ಬದಲಿ ಕೊಡತೀರಿ?"

"ಕೊಡತಾರ. ಅದಕ್ಕೂ ಕೊಂಡವರೇ ಬರಬೇಕ್ರಿ. ಒಬ್ಬರಿಗೆ ವರ್ಷಕ್ಕ ಇಷ್ಟ ಡಾಲರ್ ಅಂತ ಲೆಕ್ಕ ಐತಿ. ಕೊಟ್ಟದ್ದನ್ನ ಅವರವರ ಪಾಸ್‌ಪೋರ್ಟಿನ ಮ್ಯಾಲ ಶಿಕ್ಕಾ ಒತ್ತತೇವಿ."

"ಜಿನ್ನಪ್ಪ ಸಾವಕಾರರು ಎಷ್ಟ ತಗೊಂಡಾರ?"

"ಅವರ ಪಾಲು ಬ್ಯಾರೆ, ಅದು ಅವರ ಕಡೆನ ಇರಬೇಕು. ನೀವು ಕಳುವಾಗ್ಯಾವ ಅನ್ನೋ ನಂಬರಿನವು ತಾರವ್ವ ಅನ್ನಾವರ ಹೆಸರಲೇ ಅದಾವ. ನೆನಪ ಐತಿ ಸರ್, ಭಾಳ ಛಲೋ ಕೇಳಕೊಂಡ್ರು. 'ಎರಡನೇ ಸಹಿ ನಮ್ಮ ಮನಿಯವರು ಮಾಡಿದ್ರ ಆಗೂದಿಲ್ಲೇನವಾ?' ಅಂತ ಮತ್ತ ಮತ್ತ ಕೇಳಿದ್ರು. ಮನಿಯವರು ಹೊರಗ ಎಲಿ ಅಡಿಕಿ ತಿನ್ನಾಕ ಹೋಗಿದ್ರು."

ತಿರುಗಿ ಬರುವಾಗ ಜೀಪು ಸಂಕೇಶ್ವರ ದಾಟಿತು. ಆಮೇಲೆ ಕಾಸಿಮಸಾಬ ಮೆಲ್ಲಗೆ, "ಕಳ್ಳ ಎಲ್ಲಿ ಅದಾನ್ರಿ ಸಾಹೇಬ್ರ?" ಎಂದ.

"ಅದಾನ ಅನ್ನಬ್ಯಾಡ, ಅದಾಳ ಅನ್ನು," ಎಂದರು ಪೂಜೇರಿ. "ಚೆಕ್ಕಿನ ಸಿಕ್ಕು ಬಿಟ್ಟಂಗಾತು."

ನವೆಂಬರ್ ೧೫. ಬೆಳಗಿನ ಒಂಬತ್ತಕ್ಕೆ ಪೊಲೀಸರು ಪಂಚರನ್ನು ಕರೆದುಕೊಂಡು ಸಾವಕಾರರ ಪಡಸಾಲೆಯಲ್ಲಿದ್ದರು.

"ಸಾವಕಾರ್ರ, ಚೆಕ್ ಯಾರವು?"

"ನನ್ನವು. ರೊಕ್ಕ ಎಣಿಸಿ ಕೊಟ್ಟಾವ ನಾನು."

"ಹೆಸರು?"

"ಹೆಸರು ಆಕಿದು. ಅದರಾಗೇನೈತಿ? ಗೋದಾಮು ಆಕಿ ಹೆಸರಲೇ ಐತಿ, ಟ್ರಕ್ ಆಕಿ ಹೆಸರಲೇ ಐತಿ. ಟ್ಯಾಕ್ಸಿನ ಸಲುವಾಗಿ ಎಲ್ಲಾರೂ ಮಾಡತಾರ. ಹೆಸರು ಆಕಿದು, ಸಹಿ ಆಕಿದು, ಮಾಲು ನಂದು. ಇಪ್ಪತ್ತೆರಡ ವರ್ಷ ಹಿಂಗ ನಡದೈತಿ."

"ಮತ್ತ ನಾಮದೇವ?"

ಸಾವಕಾರರು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಅವಂದು ಈ ವರ್ಷದ ಡಾಲರ್ ಮುಗದಿದ್ದುವ್ರಿ, ದುಬೈಕ್ಕ ಹೋಗಿ ಬಂದಿದ್ದ. ಅದಕ್ಕ ಈಕಿ ಹೆಸರಲೇ ಟಿಕೀಟ ತಗಸಿ, ಡಾಲರ್ ಕೈಗೆ ಬಂದ ಮ್ಯಾಲ ಟಿಕೀಟ ಅವನ ಹೆಸರಿಗೆ…"

"ಹಂಗ ಮಾಡೂದಕ್ಕ ಬ್ಯಾರೆ ಕಾಯ್ದೆ ಐತಿ. ಅದರ ಖಾತೆಯವರು ಬ್ಯಾರೆ, ಅವರು ಚಹಾ ಕುಡಿಯೂದಿಲ್ಲ. ನಾ ಅವರಿಗೆ ಒಂದ ಪತ್ರ ಬರದ್ರ…"

ಟವೆಲ್ಲು ಮತ್ತೆ ಮುಖಕ್ಕೆ ಹೋಯಿತು. ಅಷ್ಟರಲ್ಲಿ ಒಳಬಾಗಿಲಲ್ಲಿ ತಾರವ್ವ ನಿಂತಿದ್ದಳು.

"ಬರೀಬ್ಯಾಡ್ರಿ ಸಾಹೇಬ್ರ. ನಾನ ತಗೊಂಡೇನಿ."

ಕೋಣೆಗೆ ಹೋಗಿ ಮಂಚದ ಕೆಳಗಿನಿಂದ ಒಂದು ಚೀಲ ಎಳೆದು ತಂದಳು. ಪಂಚರ ಸಮಕ್ಷಮ ಬಿಚ್ಚಿದರು. ಎರಡು ಹೊಸ ಸೀರೆ, ವಿಮಾನದಲ್ಲಿ ಥಂಡಿ ಇರುತ್ತದೆಂದು ಒಂದು ಸ್ವೆಟರು, ಅವಲಕ್ಕಿ ಚೂಡಾದ ಪೊಟ್ಟಣ, ಪಾಸ್‌ಪೋರ್ಟು. ಪಾಸ್‌ಪೋರ್ಟಿನೊಳಗೆ ಲಕೋಟೆ. ಒಂದು ಚೆಕ್ಕೂ ಕಡಿಮೆಯಿರಲಿಲ್ಲ.

"ಲೇ, ನಿನ್ನ…" ಸಾವಕಾರರು ಎದ್ದರು. ಪೂಜೇರಿ ಕೈ ತೋರಿಸಿದರು. ಅವರು ಮತ್ತೆ ಕೂತರು.

"ಯಾಕ್ರಿ ಅಕ್ಕಾರ?"

ತಾರವ್ವ ಸ್ವೆಟರು ಮಡಚುತ್ತ ಹೇಳಿದಳು. "ಬ್ಯಾಂಕಿನಾಗ ಆ ಹುಡುಗಿ 'ಎಲ್ಲಿಗೆ ಹೊಂಟೀರಿ ಅಕ್ಕಾರ' ಅಂದ್ಳು. ಸಿಂಗಾಪುರಕ್ಕ ಅಂದೆ. ಹಂಗ ಹೇಳ ಅಂತ ಇವರ ಕಲಿಸಿದ್ರು. ಬಾಯಿಲೆ ಅಂದ ಮ್ಯಾಲ ಖರೇ ಅನಸಾಕತ್ತ್ರಿ. ಓಣ್ಯಾಗ ಹೇಳಿದೆ. ಒಬ್ಬಾಕಿ ಛತ್ರಿ ಅಂದ್ಳು, ಒಬ್ಬಾಕಿ ಅತ್ತರ ಅಂದ್ಳು. ಎಂಟ ದಿನದಾಗ ಟಿಕೀಟ ನಾಮದೇವಂದು ಆತು. ಅದನ್ನೂ ನಂಗ ಡ್ರೈವರ್ ಕಾಡಸಿದ್ದ ಹೇಳಿದ."

"ಇವರ ಮುಂದ ಅನ್ನಬೇಕಿತ್ತು."

"ಕೇಳ್ಯಾರು ಅಂತ ಹಾದಿ ನೋಡಿದೆ ರೀ. ಲಕೋಟೆ ಇಲ್ಲಂದ್ರ ನನ್ನ ಕೇಳೇ ಕೇಳತಾರ ಅಂತ ತಗದಿಟ್ಟೆ. ಇವರು ಕಾಡಸಿದ್ದನ್ನ ಕೇಳಿದ್ರು, ನಾಮದೇವನ್ನ ಕೇಳಿದ್ರು, ನಿಮ್ಮ ಕಡೆ ಬಂದ್ರು. ನನ್ನೊಬ್ಬಾಕಿನ್ನ ಅಷ್ಟ ಕೇಳಲಿಲ್ಲ."

ಎಲ್ಲರ ಧ್ವನಿ ಬರುವ ಕಾಸಿಮಸಾಬನಿಗೂ ಆ ಹೊತ್ತಿಗೆ ಯಾರ ಧ್ವನಿಯೂ ಬರಲಿಲ್ಲ.

ಸಾವಕಾರರೇ ಮೊದಲು ಬಾಯಿ ಬಿಟ್ಟರು. ಕಿಸೆಯಿಂದ ಪೆನ್ನು ತೆಗೆದು ಮೆತ್ತಗೆ, "ಆತ ಬಿಡ, ಆದದ್ದ ಆತು. ಕೆಳಗಿನ ಸಹೀನೂ ಈಗ ಮಾಡಿ ಕೊಟ್ಟ ಬಿಡ. ನಿನಗೇನ ಬೇಕ ಹೇಳ, ತರತೇನಿ," ಎಂದರು.

"ಅದು ಇಲ್ಲಿ ಮಾಡಾಕ ಬರೂದಿಲ್ಲ. ಅಲ್ಲೇ ಹೋಗಿ, ಅವರ ಎದುರಿಗೆ ಮಾಡಬೇಕಂತ."

ಸಾವಕಾರರು ಪೂಜೇರಿಯ ಮುಖ ನೋಡಿದರು. ಪೂಜೇರಿ ಗೋಡೆಯ ಮೇಲಿನ ಕ್ಯಾಲೆಂಡರು ನೋಡುತ್ತಿದ್ದರು. ಪೆನ್ನಿಗೆ ಟೊಪ್ಪಿಗೆ ಹಾಕಿ, ಕಿಸೆಗೆ ಸಿಕ್ಕಿಸಿಕೊಳ್ಳಲು ಸಾವಕಾರರಿಗೆ ಬಹಳ ಹೊತ್ತು ಹಿಡಿಯಿತು.

"ಹಂಗಾದ್ರ…" ಅಂದರು. "ನೀ ಬರತೀಯೇನ?"

ತಾರವ್ವ ಸ್ವೆಟರನ್ನು ಚೀಲದೊಳಗೆ ಒತ್ತಿದಳು, ಚೂಡಾದ ಪೊಟ್ಟಣ ಮೇಲಿಟ್ಟಳು.

"ಬರತೇನ್ರಿ," ಅಂದಳು. "ಕಿಡಕಿ ಕಡೆ ನಾ ಕೂಡಾಕಿ."

ನಾಮದೇವನ ಟಿಕೆಟ್ಟು ಅಂದೇ ರದ್ದಾಯಿತು. ಚೆಕ್ಕುಗಳನ್ನು ತಾರವ್ವನ ವಶಕ್ಕೆ ಕೊಟ್ಟು, ಮಾಲೀಕಳೇ ತನ್ನ ಮಾಲು ತೆಗೆದಿಟ್ಟದ್ದು ಕಳವಲ್ಲ ಎಂದು ಪೂಜೇರಿ ಪ್ರಕರಣ ಮುಗಿಸುವ ಬಿ ರಿಪೋರ್ಟ್ ಬರೆಸಿದರು.

"ಬಂಧನ ಅನ್ನೂ ಕಡೆ ಏನ್ ಬರೀಲಿರಿ ಸಾಹೇಬ್ರ?" ಎಂದ ಕಾಸಿಮಸಾಬ.

"ಇಲ್ಲ ಅಂತ ಬರಿ. ಅದು ಅವರ ಲಗ್ನದ ದಿನಾನ ಆಗೇತಿ."

ಕಾಸಿಮಸಾಬ ಬರೆದ. ಬರೆದು, ಪೆನ್ನು ಕೆಳಗಿಟ್ಟು, ಈ ಸಲ ತನ್ನದೇ ಧ್ವನಿಯಲ್ಲಿ ಕೇಳಿದ: "ಸಾಹೇಬ್ರ, ಐತವಾರ ಒಂದಿನ ರಜಾ ಸಿಗತೈತೇನ್ರಿ? ದಿಲಶಾದಬೀನ್ನ ಎಲ್ಲಿಗೆ ಹೋಗೂಣ ಅಂತ ಕೇಳಬೇಕಂತ ಮಾಡೇನಿ."