ನೀಲಿ ಹೊಗೆಯ ಜರ್ಮನ್ ಕಾರು

ಕಾರು ಸ್ಟಾರ್ಟ್ ಮಾಡುವ ಕಬ್ಬಿಣದ ಹ್ಯಾಂಡಲ್ ನೇರ ನನ್ನ ತಲೆಗೇ ಬರುತ್ತಿತ್ತು.

ಬಗ್ಗಿದೆ. ಪೆಟ್ಟು ಎಡ ಭುಜಕ್ಕೆ ಬಿತ್ತು. ಕಣ್ಣು ಕತ್ತಲಿಟ್ಟಿತು!

"ಮತ್ತಿಗಿರಿಗೆ ವಾಪಸ್ ಹೋಗು ಚನ್ನಕೇಶವ! ಇದು ನಮ್ಮ ಮನೆ ವಿಷಯ!"

ಬದರೀನಾಥ ಹ್ಯಾಂಡಲ್ ಬಿಸಾಡಿ ಕಾರಿಗೆ ಹಾರಿದ.

ಅದು ಎಂಥ ಕಾರು ಗೊತ್ತೇ? 1938ರ ಡಿಕೆಡಬ್ಲ್ಯು. ಜರ್ಮನಿಯದು. ಮಡಿಸುವ ಟಾಪು, ಮೂತಿಯ ಮೇಲೆ ನಾಲ್ಕು ಉಂಗುರ. ಎರಡೇ ಸಿಲಿಂಡರ್, ಟೂ ಸ್ಟ್ರೋಕ್. ಮುಂದಿನ ಚಕ್ರಗಳೇ ಗಾಡಿಯನ್ನು ಎಳೆಯುತ್ತವೆ. ನಮ್ಮ ಅಂಬಾಸಿಡರ್ ಈ 1978ರಲ್ಲೂ ಹಿಂದಿನಿಂದಲೇ ತಳ್ಳಿಸಿಕೊಳ್ಳುತ್ತದೆ!

ಕಾರು ಬದರಿಯ ಸೋದರತ್ತೆ ಅಂಬುಜಮ್ಮನವರದು. ಬದರಿ ಎಷ್ಟು ಕಾಡಿದರೂ ಮಾರುವುದಿಲ್ಲ ಎಂದು ಅವರು ಹಟ ಹಿಡಿದಿದ್ದರು. ಮೂವತ್ತು ವರ್ಷ ಅದನ್ನು ಸಾಕಿದವನು ಮೆಕ್ಯಾನಿಕ್ ಶ್ಯಾಮಣ್ಣ, ನನ್ನ ಪಕ್ಕದ ಮನೆಯವನು. ಎರಡು ದಿನದ ಹಿಂದೆ ಕಾರು ಮಾಯವಾಯಿತು. ಶ್ಯಾಮಣ್ಣನೇ ಕದ್ದ ಎಂದು ಇದೇ ಬದರಿ ದೂರು ಕೊಟ್ಟ. ಇನ್ಸ್‌ಪೆಕ್ಟರು ಶ್ಯಾಮಣ್ಣನನ್ನು ಒಳಗೆ ಹಾಕಿ ಲಾಠಿಯಿಂದ ಕೈಗೆ ಬಾರಿಸಿದರು. ತಿಂಗಳು ತಿಂಗಳೂ ಅವರದೇ ಸ್ಕೂಟರ್ ರಿಪೇರಿ ಮಾಡಿಕೊಟ್ಟ ಕೈ!

ಬೆಳಿಗ್ಗೆ ಶ್ಯಾಮಣ್ಣನ ಹೆಂಡತಿ ಅಂಜಮ್ಮ ನನ್ನ ಬಾಗಿಲಿಗೆ ಬಂದಿದ್ದಳು.

"ಬೆರಳು ಬದ್ನೆಕಾಯಂಗೆ ಊದ್ಕಂಡವೆ ಕಣಣ್ಣಾ... ಒಪ್ಕಂಡು ಸೈನ್ ಹಾಕು ಅಂತವ್ರೆ. ನಾಳೆ ಕೋರ್ಟಂತೆ..."

ಕಳೆದದ್ದನ್ನು ಹುಡುಕಿ ಕೊಡುವುದು ನನ್ನ ಕಸುಬು. ಹಾಲಿನವನೊಬ್ಬ ಸುಳಿವು ಕೊಟ್ಟ. ಮಧ್ಯಾಹ್ನದೊಳಗೆ ಉದ್ದನಪಲ್ಲಿಯ ಈ ಹುಣಸೆ ಗೋಡೌನಿಗೆ ಬಂದಿದ್ದೆ.

ಕಾರು ಗೋಡೌನಿನಿಂದ ಹೊರಬಿತ್ತು! ಬುಲೆಟ್ ಒದ್ದು ಬೆನ್ನು ಹತ್ತಿದೆ.

ಅವನು ಸೂಳಗಿರಿ ಕಡೆ ನುಗ್ಗಿದ. ಕೋಳಿಗಳು ಹಾರಿದವು... ಎತ್ತಿನ ಗಾಡಿ ಹೊಲಕ್ಕಿಳಿಯಿತು. ಹೆದ್ದಾರಿ ಸೇರಿದವನೇ ತಟ್ಟನೆ ಬ್ರೇಕ್ ಒತ್ತಿದ. ನಾನು ಬಲಕ್ಕೆ ಎಳೆದೆ... ಎದುರಿಗೆ ಲಾರಿ! ಒಂದು ಮೊಳದಲ್ಲಿ ಪಾರಾದೆ. ಮತ್ತೆ ಅವನ ಹಿಂದೆ ಬಿದ್ದೆ. ಮುಖಕ್ಕೆಲ್ಲ ಧೂಳು.

ಬರೀ ಧೂಳು!

ಹೊಗೆ ಎಲ್ಲಿ?

ಆ ಕಾರು ನಮ್ಮ ಬೀದಿಗೆ ಬಂದರೆ ನೀಲಿ ಹೊಗೆ ಬರಲೇಬೇಕು. ಅಂಜಮ್ಮ ಒಣಹಾಕಿದ ಸೀರೆ ಎತ್ತಿಕೊಂಡು ಒಳಗೆ ಓಡುತ್ತಿದ್ದಳು. ಸ್ಕೂಟರಿಗೆ ಬೆರೆಸುವ ಹಾಗೆ ಅದಕ್ಕೂ ಪೆಟ್ರೋಲಿನಲ್ಲಿ ಆಯಿಲ್ ಬೆರೆಸಬೇಕು. ಇಲ್ಲದಿದ್ದರೆ ಇಂಜಿನ್ ಬಿಗಿದುಕೊಂಡು ಸೀಜ್! ಕಾರಲ್ಲವೇ, ಬರೀ ಪೆಟ್ರೋಲ್ ಸಾಕು ಅಂದುಕೊಂಡಿದ್ದ ಈ ಮಹಾಶಯ.

ಬೆನ್ನಟ್ಟುವುದು ಬಿಟ್ಟೆ. ಬಂಕಿನಿಂದ ಇನ್ಸ್‌ಪೆಕ್ಟರಿಗೆ ಫೋನ್ ಮಾಡಿದೆ.

"ಕಾರು ಕೃಷ್ಣಗಿರಿ ರೋಡಲ್ಲಿದೆ ಸಾರ್. ಶ್ಯಾಮಣ್ಣನ್ನೂ ಕರ್ಕೊಂಡ್ ಬನ್ನಿ."

"ಅಷ್ಟರಲ್ಲಿ ಓಡಿಹೋದ್ರೆ?"

"ಓಡಲ್ಲ."

ಟೀ ಕುಡಿದೇ ಹೊರಟೆ. ನಾಲ್ಕು ಮೈಲಿ ಆಚೆ ಕಾರು ರಸ್ತೆ ಪಕ್ಕ ಸತ್ತು ನಿಂತಿತ್ತು. ಬದರಿ ಚಕ್ರಕ್ಕೆ ಒದೆಯುತ್ತಿದ್ದ. ಜೀಪು ಬರುವಷ್ಟರಲ್ಲಿ ಕತೆ ಕಟ್ಟಿಟ್ಟುಕೊಂಡಿದ್ದ.

"ಶ್ಯಾಮಣ್ಣ ಗೋಡೌನಲ್ಲಿ ಬಚ್ಚಿಟ್ಟಿದ್ದ ಸಾರ್! ನಾನು ಹುಡುಕಿ ವಾಪಸ್ ತರ್ತಿದ್ದೆ. ಇವನು ಅವನ ಪಾಲುದಾರ! ಇವನು ಅಟ್ಟಿಸಿಕೊಂಡು ಬಂದದ್ದಕ್ಕೇ ಈ ಕಡೆ ಓಡಿದೆ!"

"ಟ್ಯಾಂಕ್ ತುಂಬ್ಸಿದ್ದು ಯಾರು?" ನಾನು ಕೇಳಿದೆ.

"ಅವನೇ! ಮದ್ರಾಸಿಗೆ ಸಾಗಿಸೋಕೆ ಫುಲ್ ಮಾಡಿಟ್ಟಿದ್ದ. ನಾನು ಒಂದು ಹನಿ ಹಾಕಿಲ್ಲ!"

ಶ್ಯಾಮಣ್ಣ ಕೈಕೋಳದ ಸಮೇತ ಜೀಪಿನಿಂದ ಇಳಿದ. ಬಾನೆಟ್ ಎತ್ತಲು ಬೆರಳು ಬಗ್ಗಲಿಲ್ಲ. ನಾನೇ ಎತ್ತಿದೆ. ಅವನು ಬಟ್ಟೆ ಚೂರನ್ನು ಬಾನೆಟ್ ಕೆಳಗೇ ಇದ್ದ ಟ್ಯಾಂಕಿನಲ್ಲಿ ಅದ್ದಿ ಇನ್ಸ್‌ಪೆಕ್ಟರ ಅಂಗೈಗೆ ಒತ್ತಿದ. ಅಂಗೈ ಕ್ಷಣದಲ್ಲಿ ಒಣಗಿತು. ಚೂರೂ ಜಿಡ್ಡಿರಲಿಲ್ಲ.

"ಆಯಿಲ್ ಎಲ್ಲೈತೆ ಸಾರ್?" ಅವನು ಕೇಳಿದ. "ನಿಮ್ ಸ್ಕೂಟರ್‌ಗೇ ಬೆರೆಸ್ದೆ ಕೊಟ್ಟಿಲ್ಲ ನಾನು. ಇದನ್ನ ಕೈಯಾರೆ ಕೊಲ್ತೀನಾ?"

ಇನ್ಸ್‌ಪೆಕ್ಟರು ಬದರಿಯ ಕಾಲರ್ ಹಿಡಿದರು. ಕೈಕೋಳ ಬೇರೆ ಕೈಗೆ ಬಿತ್ತು. ಆಮೇಲೆ ಶ್ಯಾಮಣ್ಣನ ಬೆನ್ನು ತಟ್ಟಿದರು.

"ಮನಸ್ಸಿಗೆ ಹಚ್ಕೋಬೇಡಪ್ಪಾ. ಡ್ಯೂಟಿ..."

ಡ್ಯೂಟಿಯಂತೆ! ನಾನು ಮುಂದೆ ನುಗ್ಗಿದೆ. ಶ್ಯಾಮಣ್ಣ ಅಡ್ಡ ನಿಂತ.

"ಈ ಇಂಜಿನ್ ಬಿಚ್ಚಿ ಕೂರ್ಸಕ್ಕೆ ಒಂದು ವರ್ಸ ಆಯ್ತದೆ ಸಾರ್. ಅಲ್ಲೀಗಂಟ ಬೇರೆ ಗಾಡಿ ಮುಟ್ಟಲ್ಲ."

ಇನ್ಸ್‌ಪೆಕ್ಟರ ಸ್ಕೂಟರ್ ಆ ವಾರವೇ ಕೆಟ್ಟು ನಿಂತಿತು. ಮತ್ತಿಗಿರಿಯಲ್ಲಿ ಬೇರೆ ಮೆಕ್ಯಾನಿಕ್ ಇರಲಿಲ್ಲ. ವರ್ಷವಿಡೀ ಅವರು ಠಾಣೆಗೆ ನಡೆದೇ ಹೋದರು... ನಾನು ದಿನಾ ಪಕ್ಕದಲ್ಲೇ ಹಾರ್ನ್ ಹೊಡೆದುಕೊಂಡು ಹೋದೆ!