ಆಗಸ್ಟ್ ಮೂರಕ್ಕೆ ಮರಳುವ ಗಡಿಯಾರ

ಬೆಳಿಗ್ಗೆ ಹತ್ತಕ್ಕೆ ಮುದ್ರಣಾಲಯದ ಕಂಪ್ಯೂಟರ್ ತೆರೆದರೆ, ಪುಸ್ತಕದ ಹನ್ನೆರಡು ಅಧ್ಯಾಯಗಳೂ ಮಾಯ! ಆರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗಿತ್ತು.

ಮಾಲೀಕ ಬೆರಳು ತೋರಿಸಿದ್ದು ಅಕ್ಷರಜ್ಜನ ಕಡೆಗೆ. ಮೂವತ್ತು ವರ್ಷ ಅಲ್ಲೇ ಅಕ್ಷರ ಜೋಡಿಸಿದವರು; ಆ ಯಂತ್ರ ಮುಟ್ಟುವವರು ಅವರೊಬ್ಬರೇ. ಸಂಜೆಯೊಳಗೆ ಅಧ್ಯಾಯಗಳು ಸಿಗದಿದ್ದರೆ ನಾಳೆಯಿಂದ ಬರಬೇಡಿ ಎಂದು ಹೇಳಿಯೂ ಆಗಿತ್ತು. ಕಂಪ್ಯೂಟರ್ ಸರಿಮಾಡಲು ಕರೆಸಿದ್ದ ರಿಪೇರಿಯವಳು ಅವರ ಮುಖವನ್ನೊಮ್ಮೆ ನೋಡಿದಳು.

ಅವಳು ಯಂತ್ರ ಚಾಲೂ ಮಾಡಿದಳು. ಪರದೆಯ ಮೇಲೆ ಎಚ್ಚರಿಕೆ — ಡಿಸ್ಕಿನಲ್ಲಿ ಕೊನೆಯ ಬಾರಿ ಬರೆದ ದಿನ ಗಡಿಯಾರ ತೋರಿಸುವ ದಿನಕ್ಕಿಂತ ಮುಂದಿದೆ, ತಪಾಸಣೆ ಆಗಬೇಕು. ಅವಳು ಅದನ್ನು ಓಡಲು ಬಿಟ್ಟಳು.

“ಇದು ದಿನಾ ಬರುತ್ತಾ?”

“ಎರಡು ತಿಂಗಳಿಂದ. ಗಡಿಯಾರ ಹಿಂದಕ್ಕೆ ಹೋಗಿರುತ್ತೆ. ನಾನು ಬಂದು ಸರಿ ಮಾಡ್ತೀನಿ, ಮಾರನೇ ದಿನ ಮತ್ತೆ ಅದೇ ಕಥೆ,” ಅಂದರು ಅಕ್ಷರಜ್ಜ.

ಗಡಿಯಾರ ನಡೆಸುವ ಒಳಗಿನ ಬಟನ್ ಸೆಲ್ ಸತ್ತಿರಬೇಕೆಂದು ಮಾಲೀಕ ಎರಡು ಸಲ ಬದಲಿಸಿದ್ದನಂತೆ. ಅವಳು ಅಳೆದು ನೋಡಿದಳು. ಸೆಲ್ ಗುಂಡುಕಲ್ಲಿನಂತಿತ್ತು.

“ಯಾವ ತಾರೀಕಿಗೆ ಹೋಗಿರುತ್ತೆ?”

“ಹೋದ ವರ್ಷದ ಆಗಸ್ಟ್ ಮೂರು. ಪ್ರತಿ ಸಲವೂ ಅದೇ.”

ಸೆಲ್ ಸತ್ತರೆ ಗಡಿಯಾರ ಯಾವುದೋ ಹಳೆಯ ಜನವರಿ ಒಂದಕ್ಕೆ ಜಾರುತ್ತದೆ. ಆಗಸ್ಟ್ ಮೂರಕ್ಕೆ ತಾನಾಗಿ ಹೋಗುವುದುಂಟೆ? ಅವಳು ತಲೆಯೆತ್ತಿದಳು. ಗೋಡೆಯ ಮೇಲೆ ಮಾಲೀಕನ ತಂದೆ, ಹಿರಿಯ ಮಾಲೀಕರ ಫೋಟೋ. ಕೆಳಗೆ ಅವರು ತೀರಿಕೊಂಡ ದಿನ. ಅದೇ ಆಗಸ್ಟ್ ಮೂರು.

“ಬೆಳಿಗ್ಗೆ ಬೀಗ ತೆಗೆಯೋದು ಯಾರು?”

ಮಾಲೀಕ ತಾಯಿಯ ಕಡೆ ನೋಡಿದ. ಮೂಲೆಯಲ್ಲಿ ಹಾಳೆ ಮಡಚುತ್ತಿದ್ದ ಅವರ ಕೈ ನಿಂತಿತ್ತು.

ರಿಪೇರಿಯವಳು ಮೆಲ್ಲಗೆ ಬಿಡಿಸಿ ಹೇಳಿದಳು. ಗಡಿಯಾರ ತಿರುಗಿಸಿದವರು ಅಮ್ಮ. ಅದರಿಂದಲೇ ಯಂತ್ರ ಮತ್ತೆ ಚಾಲೂ ಆದಾಗ ತಪಾಸಣೆ ಶುರುವಾಗುತ್ತದೆ. ಇವತ್ತು ಸಾಲುಸಾಲಾಗಿ ಓಡುವ ಅಕ್ಷರ ಕಂಡು ಗಾಬರಿಯಾಗಿ, ನಡುವೆಯೇ ಸ್ವಿಚ್ ಆರಿಸಿದ್ದಾರೆ. ಅಧ್ಯಾಯಗಳು ಅಳಿದಿಲ್ಲ, ಹೆಸರು ಕಳೆದುಕೊಂಡು, ಬರೀ ಅಂಕಿಗಳಾಗಿ ಬೇರೆ ಕಡೆ ಬಿದ್ದಿವೆ. ಈಗ ತಪಾಸಣೆ ಪೂರ್ತಿ ಓಡಿದ್ದರಿಂದ ಸಿಕ್ಕಿವೆ.

“ಯಾಕಮ್ಮಾ?” ಮಗ ಕೇಳಿದ.

“ಆ ಆಗಸ್ಟ್ ಮೂರರ ಬೆಳಿಗ್ಗೆ ಒಂಬತ್ತು ಗಂಟೆಗೆ ಅಂತ ನಿಮ್ಮಪ್ಪ ಇದರಲ್ಲಿ ನಂಗೊಂದು ಜ್ಞಾಪನೆ ಹಾಕಿಟ್ಟಿದ್ರು. ತಾರೀಕು ಹಿಂದಕ್ಕಿಟ್ರೆ ಅದು ಮತ್ತೆ ಬರುತ್ತೆ. ‘ಮಾತ್ರೆ ತಗೊಂಡ್ಯಾ?’ ಅಂತ.” ಅವರು ಅಕ್ಷರಜ್ಜನ ಕಡೆ ತಿರುಗಿದರು. “ದೂರು ನಿಮ್ಮ ಮೇಲೆ ಬಂದಾಗಲೂ ಬಾಯಿ ಬಿಡಲಿಲ್ಲ. ತಪ್ಪಾಯ್ತು.”

ಅಕ್ಷರಜ್ಜ ಕಣ್ಣೊರೆಸಿಕೊಂಡರು. ಗಡಿಯಾರ ಮುಟ್ಟದೆಯೇ ಆ ಜ್ಞಾಪನೆ ದಿನಾ ಒಂಬತ್ತಕ್ಕೆ ಬರುವಂತೆ ಮಾಡಿಕೊಡುತ್ತೇನೆಂದಳು ರಿಪೇರಿಯವಳು.

“ಬೇಡ ಮಗಳೇ. ದಿನಾ ಬಂದ್ರೆ ಅದು ಯಂತ್ರ ಕೇಳಿದ ಹಾಗೆ. ಅವತ್ತು ಕೇಳಿದ್ದು ಅವರು.”

ಅಮ್ಮ ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡು ಕೂತರು. ಇವತ್ತು ಎಷ್ಟನೇ ತಾರೀಕು ಎಂದು ಅಕ್ಷರಜ್ಜನನ್ನು ಕೇಳಿ, ಗಡಿಯಾರದ ಒಂದೊಂದೇ ಅಂಕಿಯನ್ನು ತಾವೇ ಒತ್ತಿದರು.