ಹದಿನೆಂಟು ಗ್ರಾಂ ನೀರು

"ನಾಲ್ಕು ಗ್ರಾಂ ಹೈಡ್ರೋಜನ್, ಹದಿನಾರು ಗ್ರಾಂ ಆಕ್ಸಿಜನ್... ಸೇರಿದ್ರೆ ಎಷ್ಟು ಗ್ರಾಂ ನೀರು ಬರುತ್ತೆ ರೀ?"

ಉಪ್ಪಿಟ್ಟಿನ ತಟ್ಟೆ ಹಿಡಿದಿದ್ದ ರಕ್ಷಿತಾ ದಂಗಾಗಿ ನಿಂತುಬಿಟ್ಟಳು!

ಹೆಣ್ಣು ನೋಡಲು ಸೊರಬದಿಂದ ಬಂದ ಯತೀಶ ಲೆಕ್ಚರರ್ ಅಂತೆ. ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಕೇಳಿದ್ದರೂ ಸಹಿಸುತ್ತಿದ್ದಳೇನೋ. ಶಿಕಾರಿಪುರದ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುವವಳಿಗೇ ಪಿಯುಸಿ ಮಕ್ಕಳ ಲೆಕ್ಕವೇ?

"ಇಪ್ಪತ್ತು ಅಲ್ವೇನೋ?" ಎಂದರು ಅವನ ಅಪ್ಪ ಹುಲಿಯಪ್ಪ.

"ಅಲ್ಲ!" ರಕ್ಷಿತಾ ತಟ್ಟೆ ಕುಕ್ಕಿದಳು. "ಹದಿನಾರು ಗ್ರಾಂ ಆಕ್ಸಿಜನ್‌ಗೆ ಎರಡೇ ಗ್ರಾಂ ಹೈಡ್ರೋಜನ್ ಸಾಕು. ಆಕ್ಸಿಜನ್ ಮುಗಿದ ಮೇಲೆ ಉಳಿದ ಎರಡು ಗ್ರಾಂ ಯಾರ ಜೊತೆ ಸೇರುತ್ತೆ? ನೀರು ಹದಿನೆಂಟೇ!"

ಯತೀಶನ ಕಣ್ಣು ತುಂಬಿ ಬಂತು. ಸಿಟ್ಟಿನಲ್ಲಿದ್ದವಳಿಗೆ ಅದೆಲ್ಲಿ ಕಾಣಬೇಕು!

"ಅಪ್ಪಾ, ನಂಗೆ ಈ ಸಂಬಂಧ ಬ್ಯಾಡ."

ಅವಳ ಅಪ್ಪ ಗುಡ್ಡಪ್ಪನ ಮುಖ ಬಿಳಿಚಿತು.

"ಐದು ನಿಮಿಷ ಮಾತಾಡ್ಲಾ?" ಯತೀಶ ಅಂಗಲಾಚಿದ.

ಹಿತ್ತಿಲ ಕುರಿದೊಡ್ಡಿಯ ಪಕ್ಕ ಅವಳು ಸಿಡಿದಳು. "ನನ್ನ ಪರೀಕ್ಷೆ ಮಾಡೋಕೆ ಬಂದ್ರಾ?"

"ಅಯ್ಯೋ, ಇಲ್ಲ ರೀ! ನಾನು ಕನ್ನಡ ಮೇಷ್ಟ್ರು. ನಂಗೆ ಬರೋ ಕೆಮಿಸ್ಟ್ರಿ ಇದೊಂದೇ ಲೆಕ್ಕ."

"ಏನು?!"

"ಹೋದ ವರ್ಷ ನೀವು ಸೊರಬಕ್ಕೆ ಸ್ಪೆಷಲ್ ಕ್ಲಾಸ್ ತಗೊಳ್ಳೋಕೆ ಬಂದಿದ್ರಿ. ನಾನು ಪಕ್ಕದ ರೂಮಲ್ಲಿದ್ದೆ. ಮಧ್ಯೆ ಬರೀ ಹಲಗೆ ಗೋಡೆ. ನನ್ನ ಪಾಠ ಬಿಟ್ಟು ನಿಮ್ಮದನ್ನೇ ಕೇಳ್ತಾ ನಿಂತೆ. 'ಇಪ್ಪತ್ತು ಅನ್ನೋರು ಕೈ ಎತ್ತಿ' ಅಂದ್ರಿ... ಈ ಕಡೆ ನಾನೂ ಎತ್ತಿಬಿಟ್ಟೆ! ನನ್ನ ಮಕ್ಕಳೆಲ್ಲ ಹೋ ಅಂತ ನಕ್ಕರು."

ರಕ್ಷಿತಾ ಬಾಯಿ ಮುಚ್ಚಿಕೊಂಡಳು. ದೇವರೇ, ಇವನೇನು ಹೇಳುತ್ತಿದ್ದಾನೆ!

"ಬೆಲ್ ಆದ ಮೇಲೆ ಓಡಿ ಬಂದೆ. ನೀವು ಆಗ್ಲೇ ಶಿರಾಳಕೊಪ್ಪದ ಬಸ್ ಹತ್ತಿದ್ರಿ. ಮುಖ ನೋಡ್ಲಿಲ್ಲ, ಹೆಸರು ಕೇಳೋ ಧೈರ್ಯ ಬರ್ಲಿಲ್ಲ. ಆದ್ರೆ ಆ ಧ್ವನಿ... ಅವತ್ತಿಂದ ಮರ್ತಿಲ್ಲ. ಇವತ್ತು ನೀವು 'ಉಪ್ಪಿಟ್ಟು ತಗೊಳ್ಳಿ' ಅಂದ್ರಲ್ಲ, ಎದೆ ಧಸಕ್ ಅಂತು."

"ನೇರವಾಗಿ ಕೇಳ್ಬಾರ್ದಿತ್ತಾ?"

"'ನಾನವಳಲ್ಲ' ಅಂತ ನೀವು ಅಂದುಬಿಟ್ರೆ... ಹೆದರಿಕೆ ಆಯ್ತು ರೀ. ಅದಕ್ಕೇ ಆ ಲೆಕ್ಕ ಕೇಳ್ದೆ."

ಮುಖವನ್ನೂ ನೋಡದೆ, ತನ್ನ ಪಾಠ ಕೇಳಿಯೇ ಒಬ್ಬ ಮನಸು ಕೊಟ್ಟಿದ್ದನೇ?

ಒಳಗಿನಿಂದ ಗುಡ್ಡಪ್ಪ ಕೂಗಿದರು. "ಏನಾತವ್ವಾ? ಅವ್ರು ಹೊಂಟು ನಿಂತಾರೆ!"

ಯತೀಶ ಅವಳತ್ತ ತಿರುಗಿದ. "ಮೇಡಂ... ಒಪ್ಪಿಗೆ ಇರೋರು ಕೈ ಎತ್ತಿ."

ಎಂದು ತಾನೇ ಮೊದಲು ಎತ್ತಿದ.

"ಈ ಸಲವೂ ತಪ್ಪಾಗಿದ್ರೆ?" ಎಂದಳು ಅವಳು.

"ತಿದ್ದೋಕೆ ನೀವಿರ್ತೀರಲ್ಲ..."

ರಕ್ಷಿತಾ ಕಣ್ಣೊರೆಸಿಕೊಂಡು, ಮೆಲ್ಲಗೆ ಕೈ ಎತ್ತಿದಳು.